ಎತ್ತಿಕೊಳ್ಳುವಷ್ಟು ಶಕ್ತಿ

ಆ ಹೆಂಗಸು ಮೂರು ಕಡೆ ಮೂರು ಸುಳ್ಳು ಹೇಳಿದ್ದಳು. ಕುಡಿತ ಬಿಡಿಸುವ ಆಸ್ಪತ್ರೆಯಲ್ಲಿ ತನಗೆ ಮಕ್ಕಳೇ ಇಲ್ಲ ಎಂದಿದ್ದಳು. ಅವಳ ಮಗಳನ್ನು ಬಾಲಮಂದಿರಕ್ಕೆ ಕಳಿಸಿದ್ದ ಬಾಲ ಕಲ್ಯಾಣ ಮಂಡಳಿಯ ಮುಂದೆ, ಹೊಟ್ಟೆನೋವಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ ಎಂದಿದ್ದಳು. ಗಂಡ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದ ಕೌಟುಂಬಿಕ ನ್ಯಾಯಾಲಯದಲ್ಲಿ, ಮಗಳು ಸುಂಕದಕಟ್ಟೆಯಲ್ಲಿ ಅಜ್ಜಿಯ ಹತ್ತಿರ ಚೆನ್ನಾಗಿದ್ದಾಳೆ ಎಂದಿದ್ದಳು. ಮೂರು ಕಡೆಯವರೂ ನಂಬಿ ಬರೆದುಕೊಂಡಿದ್ದರು. ಒಬ್ಬರಾದರೂ ಇನ್ನೊಬ್ಬರಿಗೆ ಫೋನ್ ಮಾಡಿ ಕೇಳಿರಲಿಲ್ಲ. ಹಾಗೆ ಕೇಳುವ ಪದ್ಧತಿಯೇ ಇರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೆಂಗಳೂರಿಗೆ ಕೌಟುಂಬಿಕ ನ್ಯಾಯಾಲಯ ಹೊಸದು, ಮಕ್ಕಳ ಕಾನೂನೂ ಹೊಸದು. ನಾನು ಮಂಡಳಿಯ ಪ್ರೊಬೇಷನ್ ಆಫೀಸರ್. ವಿಜಯನಗರದಿಂದ ಹಿಡಿದು ಮಾಗಡಿ ರಸ್ತೆಯುದ್ದಕ್ಕೂ ನನ್ನ ಸರಹದ್ದು. ಮನೆಗಳಿಗೆ ಹೋಗಿ ವಿಚಾರಿಸಿ, ಮಗುವನ್ನು ಯಾರ ಕೈಗೆ ಕೊಟ್ಟರೆ ಒಳ್ಳೆಯದು ಎಂದು ವರದಿ ಬರೆಯುವುದು ನನ್ನ ಕೆಲಸ. ಬಸ್ಸಿಗೆ ಕಾದು ಕಾದು ನನ್ನ ಸಿಟ್ಟು ಆ ಕಾಲದಲ್ಲಿ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಹುಡುಗಿಗೆ ಆರು ವರ್ಷ. ಒಂದು ಸಂಜೆ ಹೊಸಹಳ್ಳಿಯ ಬಸ್ ಸ್ಟಾಪಿನಲ್ಲಿ ಅಮ್ಮನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳಂತೆ. ಅಮ್ಮ ಪಕ್ಕದಲ್ಲೇ ಎಚ್ಚರವಿಲ್ಲದೆ ಬಿದ್ದಿದ್ದಳು. ಪೊಲೀಸರು ಕೇಳಿದಾಗ ಹುಡುಗಿ "ಅಮ್ಮಂಗೆ ಹೊಟ್ಟೆ ನೋವು" ಎಂದಳು. ಬಾಲಮಂದಿರದಲ್ಲಿ ನಾನು ಕೇಳಿದಾಗಲೂ ಅದೇ ಮಾತು. ಹೇಗೆ ತಿರುಗಿಸಿ ಕೇಳಿದರೂ ಅಷ್ಟೇ ಮಾತು, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಅವಳ ಜಡೆಯ ಟೇಪು ಬಿಚ್ಚಿಹೋಗಿತ್ತೆಂದು ಕಟ್ಟಲು ಬಾಗಿದೆ. ಅವಳು ನನ್ನ ಬಾಯಿಯ ಹತ್ತಿರ ಮೂಗು ತಂದು ಮೂಸಿದಳು.

"ನೀವು ಕಾಫಿ ಕುಡಿದಿದೀರ" ಎಂದಳು.

ಯಾರು ಹತ್ತಿರ ಬಂದರೂ ಹಾಗೆ ಮೂಸುತ್ತಾಳೆಂದು ಅಲ್ಲಿನ ಆಯಾ ಹೇಳಿದಳು.

ವಿಚಾರಣೆಗೆಂದು ಹೊಸಹಳ್ಳಿಯ ಅವರ ಬಾಡಿಗೆ ಮನೆಗೆ ಹೋದರೆ ಬೀಗ. ಜಗಲಿಯ ಮೇಲೆ ಊದುಬತ್ತಿ ಹೊಸೆಯುವ ಹಲಗೆ ಧೂಳು ಹಿಡಿದು ಬಿದ್ದಿತ್ತು. "ಅವ್ಳಾ? ಕುಡ್ತ ಬಿಡ್ಸೋ ಆಸ್ಪತ್ರೆ ಸೇರವ್ಳೆ ಮೇಡಂ, ಅವರಮ್ಮ ಬಂದು ಕರ್ಕೊಂಡ್ ಹೋದ್ರು. ಗಂಡ ಬೇರೆ ಕೋರ್ಟಿಗೆ ಹಾಕವ್ನಲ್ಲ" ಎಂದು ಪಕ್ಕದ ಮನೆಯಾಕೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು.

ಅಲ್ಲಿಂದ ಆಸ್ಪತ್ರೆಗೆ ಹೋದೆ. ಕುಡಿತದ ವಾರ್ಡಿನಲ್ಲಿ ಹೆಂಗಸರಿಗೆ ಹಾಸಿಗೆಯೇ ಇರಲಿಲ್ಲ. ಹೆಂಗಸರೂ ಕುಡಿಯಬಹುದೆಂದು ಕಟ್ಟಡ ಕಟ್ಟಿದವರಿಗೆ ಹೊಳೆದಿರಲಿಲ್ಲವೇನೋ. ಅವಳನ್ನು ಹೆಂಗಸರ ಮಾನಸಿಕ ವಾರ್ಡಿನ ಒಂದು ಮೂಲೆಯಲ್ಲಿ ಹಾಕಿದ್ದರು. ಕೈ ನಡುಗುತ್ತಿತ್ತು, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸುತ್ತಿದ್ದಳು. ರೋಗಿಯ ಜೊತೆ ಮನೆಯವರೊಬ್ಬರು ಉಳಿಯಲೇಬೇಕೆಂಬುದು ಅಲ್ಲಿನ ನಿಯಮ. ಅವಳ ತಾಯಿ, ಅಂದರೆ ಹುಡುಗಿಯ ಅಜ್ಜಿ, ಸುಂಕದಕಟ್ಟೆಯ ತನ್ನ ಎರಡು ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದು ಮಂಚದ ಕೆಳಗೆ ಚಾಪೆ ಹಾಸಿಕೊಂಡಿದ್ದಳು.

ಅಜ್ಜಿ ನನ್ನನ್ನು ನೋಡಿದವಳೇ ಕೈ ಹಿಡಿದುಕೊಂಡು ಹೇಳಿದ್ದು ಇದು: "ನಾನೇ ಕಣವ್ವ ಇವಳನ್ನ ಹಾಳ್ ಮಾಡಿದ್ದು. ಎರಡ್ನೇ ಬಾಣಂತನದಾಗೆ ಮೈ ಬೆಚ್ಚಗಿರ್ಲಿ ಅಂತ ಒಂದೊಂದ್ ಚಮಚ ಬ್ರಾಂದಿ ಕೊಟ್ಟೆ. ನಮ್ಮತ್ತೆ ನಂಗೂ ಕೊಟ್ಟಿದ್ರು, ನಂಗೇನೂ ಆಗ್ಲಿಲ್ಲ. ಇವಳ ಕೂಸು ಹೆಸರಿಡೋಕೆ ಮುಂಚೇನೇ ಹೊಂಟೋಯ್ತು. ಎದೇಲಿ ಹಾಲು ಕಟ್ಕೊಂಡು, ನಿದ್ದೆ ಇಲ್ಲ, ಏನಿಲ್ಲ. ಚಮಚ ಹೋಗಿ ಲೋಟ ಆಯ್ತು. ಆಮೇಲೆ ಸಾರಾಯಿ ಪ್ಯಾಕೆಟ್ಟು." ಹೇಳುತ್ತಾ ಹಣೆ ಹಣೆ ಚಚ್ಚಿಕೊಂಡಳು. ಮಂಚದ ಮೇಲಿದ್ದ ಮಗಳು "ಸುಮ್ನಿರಮ್ಮ, ಸುಮ್ನಿರು" ಎನ್ನುತ್ತಿದ್ದಳು.

ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನವರು. ಮಗು ಇದೆ ಎಂದು ನಾನು ಹೇಳಿದಾಗ ಅವರಿಗೆ ನಿಜಕ್ಕೂ ಸಿಟ್ಟು ಬಂತು. "ಮೊದ್ಲೇ ಗೊತ್ತಾಗಿದ್ರೆ ಟ್ರೀಟ್‌ಮೆಂಟೇ ಬೇರೆ ಥರ ಪ್ಲಾನ್ ಮಾಡ್ತಿದ್ವಿ ಮೇಡಂ" ಎಂದರು. ನ್ಯಾಯಾಲಯದ ಆಪ್ತಸಲಹೆಗಾರ್ತಿ ವಯಸ್ಸಾದವರು, ಕನ್ನಡಕದ ಮೇಲಿಂದ ನೋಡಿ ಮಾತಾಡುವವರು. ನನ್ನ ಮಾತನ್ನೆಲ್ಲ ಕೇಳಿ, "ಗುರುವಾರ ಮಧ್ಯಾಹ್ನ ನನ್ನ ರೂಮು ಖಾಲಿ ಇರುತ್ತೆ. ಡಾಕ್ಟರನ್ನೂ ಕರ್ಕೊಂಡ್ ಬನ್ನಿ, ಕೂತು ಮಾತಾಡೋಣ. ಇದಕ್ಕೆ ಯಾರ ಅಪ್ಪಣೆ ಬೇಕು?" ಎಂದರು.

ಹಾಗೆ ಶುರುವಾಯಿತು. ಮೂರು ಕುರ್ಚಿ, ಒಂದು ಫ್ಲಾಸ್ಕ್ ಕಾಫಿ. ಸರ್ಕಾರದ ಆದೇಶವಿಲ್ಲ, ಏನಿಲ್ಲ. ನಾಲ್ಕನೆಯ ಗುರುವಾರಕ್ಕೆ ಗಂಡ ಹೆಂಡತಿ ಇಬ್ಬರನ್ನೂ ಕರೆಸಿ ಒಂದು ಒಪ್ಪಂದಕ್ಕೆ ಬಂದೆವು. ತಾಯಿ ಸುಂಕದಕಟ್ಟೆಯಲ್ಲಿ ಅಜ್ಜಿಯ ಮನೆಯಲ್ಲಿರಬೇಕು. ದಿನಾ ಬೆಳಿಗ್ಗೆ ಕುಡಿತ ತಡೆಯುವ ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಅಜ್ಜಿಯ ಕಣ್ಣೆದುರಿಗೇ ಕುಡಿಯಬೇಕು. ವಾರಕ್ಕೊಮ್ಮೆ ಆಸ್ಪತ್ರೆಗೆ ಬರಬೇಕು, ಭಾನುವಾರ ಬಾಲಮಂದಿರದಲ್ಲಿ ಮಗಳನ್ನು ನೋಡಬಹುದು. ಬೇಸಿಗೆಯೊಳಗೆ ಎಲ್ಲ ಸರಿಯಿದ್ದರೆ ಮಂಡಳಿ ಮಗುವನ್ನು ಅವಳ ಕೈಗೆ ಕೊಡುತ್ತದೆ, ನ್ಯಾಯಾಲಯ ಅದನ್ನು ನೋಡಿ ಮುಂದಿನದನ್ನು ನಿರ್ಧರಿಸುತ್ತದೆ. ಮೂವರಲ್ಲಿ ಯಾರಿಗೆ ಕೆಟ್ಟ ಸುದ್ದಿ ತಿಳಿದರೂ ಅದೇ ದಿನ ಇನ್ನಿಬ್ಬರಿಗೆ ತಿಳಿಸಬೇಕು ಎಂದು ಹಟ ಹಿಡಿದು ಸೇರಿಸಿದವಳು ನಾನು. ಮೂರು ಸುಳ್ಳಿನ ಸಿಟ್ಟು ನನ್ನಲ್ಲಿ ಇನ್ನೂ ಆರಿರಲಿಲ್ಲ.

ಗಂಡ ಮಿಲ್ಲಿನ ಕೆಲಸಗಾರ, ಕಡಿಮೆ ಮಾತಿನವನು. ಕೆಟ್ಟವನಲ್ಲ, ಬೇಸತ್ತವನು. "ಒಂದೇ ಒಂದ್ ಸಲ ಕುಡಿದ್ರೂ ಮಗಳು ನನ್ನ ಹತ್ರ ಬರ್ಬೇಕು. ಬಸವೇಶ್ವರನಗರದಲ್ಲಿ ನಮ್ಮಕ್ಕ ನೋಡ್ಕೊತಾಳೆ. ಅಷ್ಟು ಬರ್ಕೊಳ್ಳಿ ಸಾಕು" ಎಂದ.

ತಾಯಿ ತಲೆ ಎತ್ತದೆ "ಆಯ್ತು" ಎಂದಳು.

ಮಾತ್ರೆಯ ವಿಷಯವನ್ನು ಡಾಕ್ಟರು ತಾಯಿಗೂ ಅಜ್ಜಿಗೂ ಕೂರಿಸಿಕೊಂಡು ವಿವರಿಸಿದರು. ಬರೀ ಮಾತ್ರೆಯಿಂದ ಏನೂ ಆಗುವುದಿಲ್ಲ. ಅದರ ಮೇಲೆ ಸ್ವಲ್ಪ ಮದ್ಯ ಹೊಟ್ಟೆಗೆ ಬಿದ್ದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಬಿದ್ದುಹೋಗುತ್ತದೆ, ಜೀವಕ್ಕೂ ಅಪಾಯ. "ಕೆಮ್ಮಿನ ಸಿರಪ್ ಕೂಡ ನಮ್ಮನ್ನ ಕೇಳ್ದೆ ಕುಡೀಬೇಡಿ. ಟಾನಿಕ್ಕೂ ಬೇಡ. ಅಜ್ಜಿ, ಗೊತ್ತಾಯ್ತಾ?" ಎಂದರು. ಅಜ್ಜಿ "ಗೊತ್ತಾಯ್ತು ಕಣಪ್ಪ, ಸಿರಪ್ಪು, ಟಾನಿಕ್ಕು" ಎಂದು ಪಾಠ ಒಪ್ಪಿಸಿದಳು.

ಆ ಮೂರು ತಿಂಗಳು ನನ್ನ ಕೆಲಸದ ಬದುಕಿನಲ್ಲೇ ಬಹಳ ಖುಷಿಯ ತಿಂಗಳುಗಳು. ಭಾನುವಾರ ಹುಡುಗಿ ಓಡಿ ಬಂದು ಮೊದಲು ಅಮ್ಮನ ಬಾಯಿ ಮೂಸುತ್ತಿದ್ದಳು. ಮೊದಮೊದಲು ಎರಡೆರಡು ಸಲ, ಆಮೇಲೆ ಒಂದು ಸಲ. "ಇಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಮಡಿಲಿಗೆ ಹತ್ತುತ್ತಿದ್ದಳು. ತಾಯಿ ಮಾತ್ರ ಸೊರಗಿದ್ದಳು. ಊದುಬತ್ತಿ ಕೆಲಸ ಮತ್ತೆ ಶುರು ಮಾಡಿದ್ದಳು, ಆದರೆ ಮಗಳನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಂದು ಕೆಳಗಿಳಿಸುತ್ತಿದ್ದಳು. ಅಜ್ಜಿ ಅದನ್ನು ನೋಡುತ್ತಾ ನಿಂತಿರುತ್ತಿದ್ದಳು.

ಮಗುವನ್ನು ಒಪ್ಪಿಸುವ ವಿಷಯ ಮಂಡಳಿಯ ಮುಂದೆ ಬರಬೇಕಾದ ಹಿಂದಿನ ದಿನ ಆಸ್ಪತ್ರೆಯಿಂದ ಫೋನ್ ಬಂತು. ಬೆಳಿಗ್ಗೆ ಅವಳನ್ನು ಆಟೋದಲ್ಲಿ ತಂದಿದ್ದಾರೆ. ಮುಖ ಕೆಂಡದಂತೆ ಕೆಂಪು, ನಿಲ್ಲದ ವಾಂತಿ, ನಾಡಿ ಕೈಗೆ ಸಿಗುತ್ತಿಲ್ಲ, ಡ್ರಿಪ್ ಹಾಕಿದ್ದಾರೆ. ತುರ್ತು ವಿಭಾಗದಲ್ಲಿದ್ದ ಡ್ಯೂಟಿ ಡಾಕ್ಟರು, ಮಾತ್ರೆಯ ಮೇಲೆ ಮದ್ಯ ಸೇವನೆ ಎಂದು ಬರೆದಿದ್ದಾರೆ. "ಜೀವಕ್ಕೇನೂ ಅಪಾಯ ಇಲ್ಲ. ಆದ್ರೆ..." ಎಂದು ನಮ್ಮ ವಾರ್ಡಿನ ಡಾಕ್ಟರು ನಿಲ್ಲಿಸಿದರು.

ಹೋಗಿ ನೋಡಿದೆ. "ಕುಡಿದಿಲ್ಲ ಮೇಡಂ. ನನ್ನ ಮಗಳಾಣೆ, ಕುಡಿದಿಲ್ಲ" ಎಂದಳು ತಾಯಿ. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಡಾಕ್ಟರು ಬಾಗಿಲ ಹೊರಗೆ ಬಂದು, "ಎಲ್ಲರೂ ಹೀಗೇ ಹೇಳೋದು. ಆದ್ರೆ ಈಕೆ ಹೀಗ್ ಮಾಡ್ತಾಳೆ ಅಂದ್ಕೊಂಡಿರ್ಲಿಲ್ಲ" ಎಂದರು. ಸುದ್ದಿ ಒಪ್ಪಂದದ ಪ್ರಕಾರ ಅದೇ ಮಧ್ಯಾಹ್ನ ನ್ಯಾಯಾಲಯಕ್ಕೆ ತಲುಪಿತು, ಗಂಡನಿಗೂ ತಿಳಿಯಿತು. ಮಂಡಳಿಗೆ ತಿಳಿಸಬೇಕಾದವಳು ನಾನು. ತಿಳಿಸಿದೆ.

ಮರುದಿನ ಬೆಳಿಗ್ಗೆ ಗಂಡ, ಅವನ ಅಕ್ಕ ಇಬ್ಬರೂ ಮಂಡಳಿಯ ಮುಂದೆ ಹಾಜರು. ಅಕ್ಕ ಹುಡುಗಿಗೆಂದು ಹೊಸ ಫ್ರಾಕ್ ತಂದಿದ್ದಳು. "ಒಂದು ವಾರ ತಡೀರಿ, ನಾನು ಇನ್ನೊಂದ್ಸಲ ವಿಚಾರಿಸಿ ಬರ್ತೀನಿ" ಎಂದು ಕೇಳಿಕೊಂಡೆ. ಅಧ್ಯಕ್ಷೆ ಮೃದು ಸ್ವಭಾವದವರೇ. "ಅದೇ ದಿನ ತಿಳಿಸ್ಬೇಕು ಅಂತ ವ್ಯವಸ್ಥೆ ಮಾಡಿದವ್ರು ನೀವೇ ಅಲ್ವೇನಮ್ಮ? ತಿಳಿದ ಮೇಲೂ ಮಗೂನ ಇಲ್ಲೇ ಇಟ್ಕೊಳ್ಳಿ ಅಂದ್ರೆ ಹೇಗೆ? ಅಪ್ಪ ಬಂದು ನಿಂತಿದಾನೆ" ಎಂದರು. ತಾತ್ಕಾಲಿಕವಾಗಿ ಎಂದು ಬರೆದು ಮಗುವನ್ನು ತಂದೆಗೆ ಒಪ್ಪಿಸಿದರು.

ಹೊಸ ಫ್ರಾಕ್ ಹಾಕಿಕೊಂಡ ಹುಡುಗಿ ಆಟೋ ಹತ್ತುವ ಮೊದಲು ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಅಮ್ಮಂಗೆ ಹೊಟ್ಟೆ ನೋವಾ?"

"ಹೂಂ ಪುಟ್ಟಿ" ಎಂದೆ. ಬೇರೇನು ಹೇಳಬೇಕಿತ್ತೋ ನನಗೆ ಇಂದಿಗೂ ತಿಳಿದಿಲ್ಲ.

ಎರಡು ದಿನ ಬಿಟ್ಟು ವರದಿ ಮುಗಿಸಬೇಕೆಂದು ಸುಂಕದಕಟ್ಟೆಗೆ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ಹಸು ನೋಡಿಕೊಳ್ಳಲೆಂದು ಆಸ್ಪತ್ರೆಯಿಂದ ಒಂದು ಹೊತ್ತಿನ ಮಟ್ಟಿಗೆ ಬಂದಿದ್ದ ಅಜ್ಜಿ ಕೊಟ್ಟಿಗೆಯಿಂದ ಎದ್ದು ಬಂದು ಮಣೆ ಹಾಕಿದಳು, ಮಜ್ಜಿಗೆ ಕೊಟ್ಟಳು. ನನ್ನ ಮುಖ ನೋಡಿ, "ಎಷ್ಟ್ ಸೊರಗಿದ್ದೀಯವ್ವ. ತಡಿ, ನಿಂಗೂ ಒಂದೀಟು ಕೊಡ್ತೀನಿ" ಎಂದು ಒಳಗಿನಿಂದ ಕಂದು ಬಣ್ಣದ ದಪ್ಪ ಬಾಟಲಿ ತಂದಳು.

"ಏನಜ್ಜಿ ಇದು?"

"ದಶಮೂಲಾರಿಷ್ಟ ಕಣವ್ವ. ಗ್ರಂದಿಗೆ ಅಂಗಡೀಲಿ ತಂದಿದ್ದು. ಬಾಣಂತೀರು ಕುಡೀತಾರಲ್ಲ, ಅದೇಯ. ಮಗೀನ ಎತ್ಕೊಳ್ಳೋಕೂ ಶಕ್ತಿ ಇಲ್ಲ ಇವಳಿಗೆ. ಮಗ ಮನೀಗ್ ಬಂದ್ರೆ ಎತ್ಕೊಳ್ಳೋದು ಬ್ಯಾಡ್ವಾ? ಎರಡ್ ದಿನ ಚಮಚದಾಗೆ ಕೊಟ್ಟೆ. ಆವತ್ತು ನಾಳೆ ಮಗ ಬತ್ತದಲ್ಲ ಅಂತ ಅರ್ಧ ಲೋಟ ಬಗ್ಗಿಸ್ದೆ. ಎಲ್ಲಾ ವಾಂತಿಲೇ ಹೋಯ್ತು, ದಂಡ. ಎಲ್ಲಿ ಕದ್ದು ಕುಡುದ್ಲೋ ಪಾಪಿ."

ಬಾಟಲಿಯ ಬಿರಟೆ ತೆಗೆದು ಮೂಗಿನ ಹತ್ತಿರ ಹಿಡಿದೆ. ಬೆಲ್ಲ, ಬೇರು, ಅದರಡಿಯಲ್ಲಿ ಹುಳಿತ ವಾಸನೆ. ಅರಿಷ್ಟವನ್ನು ತಿಂಗಳುಗಟ್ಟಲೆ ಕೊಳೆಹಾಕಿಯೇ ಮಾಡುವುದು. ಅದರೊಳಗೆ ಮದ್ಯಸಾರ ತಾನಾಗಿ ಹುಟ್ಟುತ್ತದೆ. ನನಗೆ ಅದು ಗೊತ್ತಿತ್ತು. ಡಾಕ್ಟರಿಗೂ ಗೊತ್ತಿತ್ತು. ಆದರೆ ಡಾಕ್ಟರು ಹೇಳಿದ್ದು ಸಿರಪ್ಪು, ಟಾನಿಕ್ಕು. ಅಜ್ಜಿಯ ಲೆಕ್ಕದಲ್ಲಿ ಅವೆಲ್ಲ ಇಂಗ್ಲಿಷ್ ಔಷಧಿ. ಅರಿಷ್ಟ ಬಾಣಂತಿಯ ಆಹಾರ. ನಮ್ಮ ಮೂವರಲ್ಲಿ ಯಾರೂ ಆ ಒಂದು ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಕೈಯಲ್ಲಿದ್ದ ಮಜ್ಜಿಗೆಯನ್ನು ಕೆಳಗಿಟ್ಟೆ. ಸುಸ್ತಿಗೆ ಕುಡಿಯುತ್ತೇನೆಂದು ಹೇಳಿ ಒಂದು ಸಣ್ಣ ಸೀಸೆಯಲ್ಲಿ ಸ್ವಲ್ಪ ಹಾಕಿಸಿಕೊಂಡು ಬಂದೆ. ಅಜ್ಜಿಗೆ ಖುಷಿಯಾಯಿತು.

ಡಾಕ್ಟರು ಸೀಸೆ ಮೂಸಿ ನೋಡಿದರು. "ಅರ್ಧ ಲೋಟ ಅಂದ್ರೆ ಸಾಕೇ ಸಾಕು. ಛೆ, ನಾವು ಕೇಳ್ಬೇಕಿತ್ತು" ಎಂದರು.

ತಾಯಿ ಇನ್ನೂ ಮಂಚದಲ್ಲೇ ಇದ್ದಳು. ಹೇಳಿದೆ. ಅವಳಿಗೆ ಸಮಾಧಾನವಾಗುತ್ತದೆ, ಅಳುತ್ತಾಳೆ, ಗಂಡನಿಗೆ ಹೇಳಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಿಳಿಚಿಕೊಂಡಿತು. ಎದ್ದು ಕೂತು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಮ್ಮಂಗೆ ಹೇಳ್ಬೇಡಿ ಮೇಡಂ. ಆವತ್ತು ಕೊಟ್ಟ ಬ್ರಾಂದಿಗೇ ಇನ್ನೂ ಹಣೆ ಹಣೆ ಚಚ್ಕೊತಾಳೆ. ಇದೂ ತನ್ನ ಕೈಯಿಂದ್ಲೇ ಅಂತ ಗೊತ್ತಾದ್ರೆ ಬಾವಿಗೆ ಬಿದ್ದುಬಿಡ್ತಾಳೆ."

"ಅಲ್ಲ ಕಣೇ, ಮತ್ತೆ ನಾಳೆ ಅದನ್ನೇ ಕೊಟ್ರೆ?"

"ಕುಡಿದ ಹಾಗೆ ಮಾಡಿ ಚೆಲ್ತೀನಿ. ಅದೆಲ್ಲ ನಂಗೆ ಚೆನ್ನಾಗ್ ಬರುತ್ತೆ" ಎಂದಳು. ನಗಲು ನೋಡಿದಳು, ಆಗಲಿಲ್ಲ.

ಇನ್ನು ಹೇಳಬೇಕಾದದ್ದು ನನ್ನನ್ನು ಇವತ್ತಿಗೂ ಉರಿಸುತ್ತದೆ. ಕೆಟ್ಟ ಸುದ್ದಿ ಒಂದೇ ಮಧ್ಯಾಹ್ನದಲ್ಲಿ ಮೂರು ಕಚೇರಿ ಸುತ್ತಿತ್ತು. ಅದು ತಪ್ಪು ಎಂಬ ಸುದ್ದಿಗೆ ಅಂಥ ದಾರಿಯನ್ನು ನಾವು ಮಾಡಿರಲಿಲ್ಲ. ಡಾಕ್ಟರು ನನ್ನೆದುರಿಗೇ ಆಪ್ತಸಲಹೆಗಾರ್ತಿಗೆ ಫೋನ್ ಮಾಡಿದರು, ನಾನು ಮಂಡಳಿಗೆ ಓಡಿದೆ. "ಬಾಯಿಮಾತಲ್ಲಿ ಆಗಲ್ಲಮ್ಮ, ಆಸ್ಪತ್ರೆಯವ್ರು ಬರೆದಿದ್ದನ್ನ ಆಸ್ಪತ್ರೆಯವ್ರೇ ತಿದ್ದಿ ಕಳಿಸ್ಲಿ" ಎಂದರು ಅಧ್ಯಕ್ಷೆ. ಬರೆದ ಡ್ಯೂಟಿ ಡಾಕ್ಟರು ಬೇರೆ ವಿಭಾಗಕ್ಕೆ ಹೋಗಿದ್ದರು. ತಿದ್ದಬೇಕಾದರೆ ಯೂನಿಟ್ಟಿನ ಮುಖ್ಯಸ್ಥರ ಸಹಿ ಬೇಕು, ಅವರು ರಜೆ. ಸಹಿ ಆಗಿ ಕಾಗದ ಹೊರಡುವ ಹೊತ್ತಿಗೆ ನ್ಯಾಯಾಲಯಕ್ಕೆ ಬೇಸಿಗೆ ರಜೆ. ಮಂಡಳಿಯವರು, ವಿಷಯ ನ್ಯಾಯಾಲಯದಲ್ಲಿದೆ, ಅವರೇ ನಿರ್ಧರಿಸಲಿ ಎಂದರು. ದಿನಾ ಒಂದಲ್ಲ ಒಂದು ಕಚೇರಿಯ ಬೆಂಚಿನಲ್ಲಿ ಕೂತು ಎದ್ದು ಬಂದೆ. ಗುಮಾಸ್ತರ ಮೇಲೆ ಕೂಗಾಡಿದೆ. ಅದರಿಂದ ಒಂದು ಕಾಗದವೂ ಬೇಗ ಕದಲಲಿಲ್ಲ.

ಜೂನ್‌ನಲ್ಲಿ ನ್ಯಾಯಾಲಯವೂ ತೆರೆಯಿತು, ಶಾಲೆಗಳೂ ತೆರೆದವು. ಹುಡುಗಿಯನ್ನು ಬಸವೇಶ್ವರನಗರದಲ್ಲಿ ಅತ್ತೆಯ ಮನೆಯ ಹತ್ತಿರದ ಶಾಲೆಗೆ ಸೇರಿಸಿದ್ದರು.

ವಿಚಾರಣೆಯ ಹಿಂದಿನ ಗುರುವಾರ ಆಪ್ತಸಲಹೆಗಾರ್ತಿ ನನ್ನನ್ನು ಕೂರಿಸಿಕೊಂಡು ಕಾಫಿ ಬಗ್ಗಿಸಿಕೊಟ್ಟರು. "ಅಜ್ಜಿ ಕೊಟ್ಟಿದ್ದು ಅಂತ ನೀವು ಹೇಳಿದ್ರೆ ತಾಯಿ ಮೇಲಿನ ಆರೋಪ ಹೋಗುತ್ತೆ, ನಿಜ. ಆದ್ರೆ ಮಾತ್ರೆಗೆ ಸಾಕ್ಷಿ ಅಜ್ಜಿ, ಮಗು ಇರ್ಬೇಕಾದ ಮನೆ ಅಜ್ಜೀದು. ಆ ಮನೆ ಮೇಲಿನ ನಂಬಿಕೇನೇ ಬಿದ್ದುಹೋಗುತ್ತೆ. ಹೇಳ್ದೇ ಇದ್ರೆ ತಾಯೀದೇ ಬೇಜವಾಬ್ದಾರಿ ಅಂತ ಆಗುತ್ತೆ. ಯೋಚ್ನೆ ಮಾಡಿ" ಎಂದರು. ಮೂರು ದಿನ ನಿದ್ದೆಯಿಲ್ಲದೆ ಯೋಚಿಸಿದೆ. ನನ್ನ ಕೆಲಸ ನಿಜವನ್ನು ವರದಿ ಮಾಡುವುದು. ಆದರೆ ಈ ನಿಜ ಯಾರದು ಎಂದು ಕೇಳಿಕೊಂಡಾಗ ಅದು ನನ್ನದಾಗಿರಲಿಲ್ಲ. ಏನು ಹೇಳಬೇಕೋ ತಾಯಿಯೇ ಹೇಳಲಿ, ಅವಳ ಮಾತನ್ನು ನಾನು ಮೀರುವುದಿಲ್ಲ ಎಂದು ತೀರ್ಮಾನಿಸಿದೆ.

ನ್ಯಾಯಾಧೀಶರು ತಮ್ಮ ಕೊಠಡಿಯಲ್ಲೇ ಕೂತು, ವಕೀಲರಿಲ್ಲದೆ, ಸಮಾಧಾನವಾಗಿ ಕೇಳಿದರು. ಆಸ್ಪತ್ರೆಯ ತಿದ್ದುಪಡಿ ಓದಿದರು.

"ಸಾರಾಯಿ ಅಲ್ಲ, ಅರಿಷ್ಟ ಅಂತ ಬರೆದಿದ್ದಾರೆ. ಅದನ್ನ ನಿಮಗೆ ಯಾರು ಕೊಟ್ಟಿದ್ದಮ್ಮ?"

ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಬೆಂಚಿನಲ್ಲಿ ಅಜ್ಜಿ ಕಾಲು ಮಡಚಿ, ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ಕಾಣುತ್ತಿತ್ತು, ಒಳಗಿನ ಮಾತು ಅವಳಿಗೆ ಕೇಳಿಸುವಂತಿರಲಿಲ್ಲ. ತಾಯಿ ಒಮ್ಮೆ ಆ ಕಡೆ ನೋಡಿದಳು.

"ನಾನೇ ತಗೊಂಡೆ ಸ್ವಾಮಿ. ಸುಸ್ತಾಗ್ತಿತ್ತು."

"ಡಾಕ್ಟರನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಇಲ್ಲ ಸ್ವಾಮಿ."

ನ್ಯಾಯಾಧೀಶರು ನನ್ನ ಕಡೆ ತಿರುಗಿದರು. "ನೀವು ಹೇಳೋದು ಬೇರೆ ಏನಾದ್ರೂ ಇದೆಯಾ?"

"ಇಲ್ಲ ಸಾರ್" ಎಂದೆ.

ಅವಳು ಮತ್ತೆ ಕುಡಿದಿಲ್ಲ ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಹುಡುಗಿ ಈಗ ಶಾಲೆಗೆ ಹೊಂದಿಕೊಂಡಿದ್ದಾಳೆ, ಅತ್ತೆ ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದಾಳೆ, ಆರು ತಿಂಗಳಿಗೊಂದು ಮನೆಯಂತೆ ಮಗುವನ್ನು ಅಲೆದಾಡಿಸುವುದು ಸರಿಯಲ್ಲ, ತಾಯಿ ಇನ್ನೂ ಹೆಚ್ಚಿನ ಎಚ್ಚರಿಕೆ ಕಲಿಯಬೇಕು ಎಂದರು. ಮಗು ತಂದೆಯ ಬಳಿಯೇ ಇರಲಿ. ಎರಡನೆಯ ಶನಿವಾರಗಳಂದು ಎರಡು ಗಂಟೆ ಕಾಲ ಆಪ್ತಸಲಹೆಗಾರ್ತಿಯ ಕೊಠಡಿಯಲ್ಲಿ ತಾಯಿ ನೋಡಬಹುದು. ಆ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಅದಕ್ಕೇ ಇನ್ನಷ್ಟು ದುಃಖವಾಯಿತು.

ಮೊದಲ ಭೇಟಿಯ ಶನಿವಾರ ನಾನೂ ಹೋಗಿದ್ದೆ. ಅತ್ತೆ ಹುಡುಗಿಯನ್ನು ಬಿಟ್ಟು ಹೊರಗೆ ಹೋಗಿ ಕೂತಳು. ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದಳು, ಒಂದು ಕೂದಲೂ ಅತ್ತಿತ್ತ ಇರಲಿಲ್ಲ. ತಾಯಿ ಆ ಜಡೆಗಳನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು, ಮಾಡಲು ಬೇರೆ ಏನೂ ಇಲ್ಲವಲ್ಲ. ಅಜ್ಜಿ ಕೋಡುಬಳೆಯ ಡಬ್ಬಿ ಬಿಚ್ಚುತ್ತಾ ಶುರು ಮಾಡಿದಳು.

"ಆವತ್ತೊಂದಿನ ಇವಳು ಬಾಯಿ ಕಟ್ಕೊಂಡಿದ್ರೆ ಮಗ ಇವತ್ತು ನಮ್ಮ ಮನೇಲಿರ್ತಿತ್ತು. ಕೇಳವ್ವ ನೀನೇ. ಅಷ್ಟು ದಿನ ತಡೆದವಳಿಗೆ ಒಂದಿನ ತಡೆಯೋಕಾಗ್ಲಿಲ್ವಾ? ಮಗೀಗಿಂತ ಹೆಚ್ಚಾಯ್ತಾ ಇವಳಿಗೆ ಅದು?"

ನಾನು ಬಾಯಿ ತೆರೆದೆ. ತಾಯಿ ಜಡೆಯಿಂದ ಕಣ್ಣೆತ್ತಿ ನನ್ನನ್ನು ನೋಡಿ, ಕಾಣದಷ್ಟು ಮೆಲ್ಲಗೆ ಬೇಡವೆಂದು ತಲೆಯಾಡಿಸಿದಳು. "ತಪ್ಪಾಯ್ತಮ್ಮ" ಎಂದಳು.

ಅಜ್ಜಿಯ ಸಿಟ್ಟು ಅಷ್ಟಕ್ಕೇ ಇಳಿಯಿತು. ಚೀಲದಿಂದ ಕಂದು ಬಾಟಲಿ, ಒಂದು ಸ್ಟೀಲ್ ಲೋಟ ತೆಗೆದಳು. "ಹೋಗ್ಲಿ, ಇದನ್ ಕುಡಿ. ಮಗೀನ ಎತ್ಕೊಳ್ಳೋಕೆ ಶಕ್ತಿ ಬರ್ಲಿ."

ತಾಯಿ ಲೋಟ ಹಿಡಿದುಕೊಂಡು ಬಾಯಿ ತೊಳೆಯುವ ನೆಪದಲ್ಲಿ ಹೊರಗಿನ ನಲ್ಲಿಯ ಹತ್ತಿರ ಹೋದಳು. ಖಾಲಿ ಲೋಟದೊಂದಿಗೆ, ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಾ ಬಂದಳು.

"ಹಾಂ, ಈಗ ಎತ್ಕೋ" ಎಂದಳು ಅಜ್ಜಿ.

ತಾಯಿ ಬಾಗಿ ಮಗಳನ್ನು ಎತ್ತಿಕೊಂಡಳು. ಹುಡುಗಿಗೆ ಏಳು ತುಂಬಿತ್ತು, ಕಾಲುಗಳು ಉದ್ದವಾಗಿದ್ದವು. ಕುತ್ತಿಗೆಗೆ ಕೈ ಹಾಕಿ, ಅಭ್ಯಾಸದಂತೆ ಅಮ್ಮನ ಬಾಯಿಯ ಹತ್ತಿರ ಮೂಗು ತಂದು ಮೂಸಿದಳು. ಹುಬ್ಬು ಗಂಟಾಯಿತು. ಮತ್ತೊಮ್ಮೆ ಮೂಸಿದಳು. ಮೇಜಿನ ಮೇಲಿನ ಬಾಟಲಿ ನೋಡಿದಳು, ಅಜ್ಜಿಯ ಮುಖ ನೋಡಿದಳು. ವಾಸನೆಯೇ ಇಲ್ಲವೆಂದು ಹೇಳಿಬಿಡುತ್ತಾಳೆ ಎಂದುಕೊಂಡೆ.

"ಕುಡುದ್ಲಾ ಮಗ ನಿಮ್ಮಮ್ಮ, ಎಲ್ಲಾ?" ಎಂದು ಕೇಳಿದಳು ಅಜ್ಜಿ.

"ಹೂಂ, ಕುಡಿದ್ಳು" ಎಂದಳು ಹುಡುಗಿ, ಅಮ್ಮನ ಹೆಗಲ ಮೇಲೆ ತಲೆ ಇಟ್ಟುಕೊಂಡು.